ಹಡಗು ಹತ್ತುವ ದಿನ: ಎಷ್ಟು ಹೊತ್ತಿಗೆ ಹೋಗಬೇಕು, ಪ್ರಯಾರಿಟಿಗೆ ದುಡ್ಡು ಕೊಡಬೇಕಾ?

ವಿಜಯನಗರದ ನಮ್ಮ ಪಾರ್ಕಿಗೆ ಬೆಳಿಗ್ಗೆ ವಾಕಿಂಗ್ ಬರುವವರಲ್ಲಿ ಈ ವರ್ಷ ಮೂರು ಮನೆಯವರು ಕ್ರೂಸ್ ಬುಕ್ ಮಾಡಿದ್ದಾರೆ. ಇಬ್ಬರು ಸಿಂಗಾಪುರದಿಂದ, ಒಬ್ಬರು ಚೆನ್ನೈನಿಂದ. ಮೂವರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಬೇರೆ ಸಾಲಿನಲ್ಲಿ ಬೇಗ ಹಡಗು ಹತ್ತಿಸುವ ಪ್ರಯಾರಿಟಿ ಸೌಲಭ್ಯದ ಬಗ್ಗೆ. "ಪ್ರಯಾರಿಟಿ ಬೋರ್ಡಿಂಗ್ ಅಂತ ಜಾಸ್ತಿ ದುಡ್ಡು ಕೇಳ್ತಿದ್ದಾರೆ ಸಾರ್, ತಗೊಳ್ಳೋಣ್ವಾ?" ನಾನು ಎರಡೂ ಕಡೆಯಿಂದ ಒಂದೊಂದು ಸಲ ಹೋಗಿ ಬಂದಿದ್ದೇನೆ. ಒಂದು ಸಲ ಪ್ರಯಾರಿಟಿ ತಗೊಂಡು, ಇನ್ನೊಂದು ಸಲ ತಗೊಳ್ಳದೆ. ಪಾರ್ಕಿನ ಬೆಂಚಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಅಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಕೆಎಸ್‌ಆರ್‌ಟಿಸಿಯಲ್ಲಿ 33 ವರ್ಷ ಇದ್ದೆ. ಕಂಡಕ್ಟರ್ ಆಗಿ ಸೇರಿದೆ. ಕೊನೆಯ 14 ವರ್ಷ ಮೆಜೆಸ್ಟಿಕ್‌ನಲ್ಲಿ ಸಂಚಾರ ನಿಯಂತ್ರಕ. ಯಾವ ಬಸ್ಸು ಎಷ್ಟು ಹೊತ್ತಿಗೆ ಪ್ಲಾಟ್‌ಫಾರ್ಮಿಗೆ ಬರಬೇಕು, ಎಷ್ಟು ಹೊತ್ತಿಗೆ ಬಿಡಬೇಕು ಎಂದು ನೋಡುವುದೇ ನನ್ನ ಕೆಲಸ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಬಸ್ಸಿನ ಹಿಂದೆ ಓಡುವವರ ಮುಖಗಳನ್ನು ದಿನಾ ನೋಡಿದ್ದೇನೆ. ಹಡಗಿನ ಹತ್ತಿರ ಯಾರೂ ಹಾಗೆ ಓಡಬಾರದು ಅನ್ನುವುದು ನನ್ನ ಆಸೆ. ನಮ್ಮ ಬಸ್ಸಾದರೆ ಆನಂದರಾವ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಿರುತ್ತದೆ, ಕೈ ಮಾಡಿದರೆ ಡ್ರೈವರ್ ಬಾಗಿಲು ತೆಗೆಯುತ್ತಾನೆ. ಸಮುದ್ರದಲ್ಲಿ ಸಿಗ್ನಲ್ ಇಲ್ಲ.

ಹೊರಡುವ ಸಮಯವನ್ನು ನಂಬಿಕೊಂಡು ಹೋಗಬೇಡಿ

ಟಿಕೆಟ್‌ನಲ್ಲಿ ದೊಡ್ಡದಾಗಿ ಬರೆದಿರುವುದು ಹಡಗು ಹೊರಡುವ ಸಮಯ. ಸಂಜೆ 4 ಗಂಟೆ ಅಂತ ಇಟ್ಟುಕೊಳ್ಳಿ. ನಮ್ಮ ಜನ ಅದನ್ನು ನೋಡಿ, 3 ಗಂಟೆಗೆ ಹೋದರೆ ಸಾಕು ಅಂದುಕೊಳ್ಳುತ್ತಾರೆ. 3 ಗಂಟೆಗೆ ಹೋದರೆ ಹಡಗು ಕಾಣುತ್ತದೆ, ಹತ್ತಲು ಆಗುವುದಿಲ್ಲ.

ನಿಮಗೆ ಬೇಕಾದ ಸಮಯಗಳು ಬೇರೆ. ಒಂದು, ನಿಮಗೆ ಕೊಟ್ಟ ಸ್ಲಾಟ್, ಅಂದರೆ ನೀವು ಟರ್ಮಿನಲ್ ಬಾಗಿಲಿಗೆ ಬರಬೇಕಾದ ಅರ್ಧ ಗಂಟೆಯ ಅವಧಿ. ಇನ್ನೊಂದು, ಚೆಕ್-ಇನ್ ಕೌಂಟರ್ ಮುಚ್ಚುವ ಸಮಯ. ಮೂರನೆಯದು, ಎಲ್ಲರೂ ಹಡಗಿನೊಳಗೆ ಇರಲೇಬೇಕಾದ ಸಮಯ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಹೊರಡುವುದಕ್ಕೆ 60 ನಿಮಿಷ ಮೊದಲೇ ಎಲ್ಲರೂ ಒಳಗಿರಬೇಕು ಎಂಬ ನಿಯಮ ಇದೆ. ಬೇರೆ ಕಂಪನಿಗಳಲ್ಲಿ ಇದು ಇನ್ನೂ ಮೊದಲೇ ಇರಬಹುದು. ನಿಮ್ಮ ಟಿಕೆಟ್ ಜೊತೆ ಬರುವ ಸಣ್ಣ ಅಕ್ಷರದ ಪುಟದಲ್ಲಿ ಈ ಸಮಯ ಇರುತ್ತದೆ. ಅದನ್ನು ಹುಡುಕಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ಮನೆಯಲ್ಲಿ ಕ್ಯಾಲೆಂಡರ್ ಮೇಲೆ ಆ ಸಮಯವನ್ನೇ ಬರೆಯಿರಿ, 4 ಗಂಟೆ ಅಂತ ಬರೆಯಬೇಡಿ.

ಅಷ್ಟು ಬೇಗ ಯಾಕೆ ಮುಚ್ಚುತ್ತಾರೆ ಅಂತ ಕೇಳಬಹುದು. ಯಾರು ಯಾರು ಹತ್ತಿದ್ದಾರೆ ಎಂಬ ಪಟ್ಟಿಯನ್ನು ಹಡಗಿನವರು ಸರ್ಕಾರಕ್ಕೆ ಕೊಡಬೇಕು. ಅಮೆರಿಕದ ಬಂದರುಗಳಲ್ಲಿ ಆ ಪಟ್ಟಿ ಹೊರಡುವುದಕ್ಕೆ 60 ನಿಮಿಷ ಮೊದಲೇ ಹೋಗಬೇಕು, ಅದು ಅಲ್ಲಿಯ ಕಾನೂನು. ಬೆಂಗಳೂರಿನ ಎಷ್ಟೋ ತಂದೆ ತಾಯಿಯರು ಮಕ್ಕಳ ಮನೆಗೆ ಅಮೆರಿಕಕ್ಕೆ ಹೋದಾಗ ಮಯಾಮಿ ಕಡೆಯಿಂದ ಕ್ರೂಸ್ ಹೋಗುತ್ತಾರೆ. ಅವರಿಗೆ ಇದು ಗೊತ್ತಿರಬೇಕು. ಪಟ್ಟಿ ಹೋದ ಮೇಲೆ ಕೌಂಟರಿನ ಹುಡುಗಿಯ ಹತ್ತಿರ ಕೈ ಮುಗಿದರೂ ಪ್ರಯೋಜನ ಇಲ್ಲ. ಅವಳ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಇನ್ನೊಂದು ಕಾರಣ ಅಪಾಯಕ್ಕೆ ಸಂಬಂಧಿಸಿದ್ದು. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ತೀರಿಕೊಂಡರು. ಆ ಸಂಜೆ ಹತ್ತಿದವರಿಗೆ ಅಪಾಯದ ಹೊತ್ತಿನಲ್ಲಿ ಎಲ್ಲಿ ಸೇರಬೇಕೆಂದು ಇನ್ನೂ ತೋರಿಸಿರಲಿಲ್ಲ. ಆಗಿನ ನಿಯಮದ ಪ್ರಕಾರ 24 ಗಂಟೆಯೊಳಗೆ ತೋರಿಸಿದರೆ ಸಾಕಿತ್ತು. 2015ರಿಂದ ಅಂತರರಾಷ್ಟ್ರೀಯ ನಿಯಮ ಬದಲಾಗಿದೆ. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಈ ಅಭ್ಯಾಸ ಮುಗಿಯಬೇಕು. ಇದಕ್ಕೆ ಮಸ್ಟರ್ ಅನ್ನುತ್ತಾರೆ. ಈಗ ಅನೇಕ ಹಡಗುಗಳಲ್ಲಿ ಫೋನಿನಲ್ಲೇ ವಿಡಿಯೊ ನೋಡಿ, ನಿಮ್ಮ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿ ಬಂದರೆ ಆಯಿತು. ಹತ್ತಿದ ಕೂಡಲೇ, ಊಟಕ್ಕೂ ಮೊದಲು, ಇದನ್ನು ಮುಗಿಸಿ. ಮನೆಯವರೆಲ್ಲ ಒಟ್ಟಿಗೆ ಹೋಗಿ. ಮಕ್ಕಳಿಗೆ ಆ ಜಾಗದ ಗುರುತಿನ ಪಟ್ಟಿಯನ್ನು ಕೈಗೆ ಕಟ್ಟಿದರೆ, ಇಳಿಯುವ ತನಕ ಬಿಚ್ಚಬೇಡಿ.

ನಮ್ಮ ಮೊದಲ ಪ್ರಯಾಣದಲ್ಲಿ ಆಗಿದ್ದು

ನಾವು ಆರು ಜನ. ನಾನು, ನನ್ನ ಹೆಂಡತಿ, 79 ವರ್ಷದ ನಮ್ಮ ಅತ್ತೆ, ಮಗಳು, ಅಳಿಯ, 6 ವರ್ಷದ ಮೊಮ್ಮಗ. ಸಿಂಗಾಪುರದಿಂದ ಹಡಗು. ಬೆಂಗಳೂರಿನಿಂದ ಸಿಂಗಾಪುರಕ್ಕೆ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ 11ಕ್ಕೆ ಹೊರಟರೆ ಬೆಳಿಗ್ಗೆ 6ಕ್ಕೆ ಅಲ್ಲಿ, ಹಡಗು 4 ಗಂಟೆಗೆ, ಒಂದು ದಿನದ ಹೋಟೆಲ್ ಖರ್ಚು ಉಳಿಯಿತು. ಲೆಕ್ಕ ಹೀಗಿತ್ತು.

ವಿಮಾನ ಐದು ಗಂಟೆ ತಡವಾಯಿತು. ಟರ್ಮಿನಲ್ 2ರ ಕುರ್ಚಿಗಳ ಮೇಲೆ ಅತ್ತೆಯವರನ್ನು ಮಲಗಿಸಿ ರಾತ್ರಿ ಕಳೆದೆವು. ಸಿಂಗಾಪುರದಲ್ಲಿ ಇಳಿದಾಗ 11 ಗಂಟೆ. ಇಮಿಗ್ರೇಷನ್, ಲಗೇಜ್, ವೀಲ್‌ಚೇರ್ ಮುಗಿಸಿ ಹೊರಗೆ ಬಂದಾಗ 12.30. ಟ್ಯಾಕ್ಸಿಯವರಿಗೆ ನಾವು ಹೇಳಿದ್ದು "ಕ್ರೂಸ್ ಸೆಂಟರ್" ಅಂತ. ಅವರು ಕರೆದುಕೊಂಡು ಹೋಗಿದ್ದು ಹಾರ್ಬರ್‌ಫ್ರಂಟ್‌ಗೆ. ನಮ್ಮ ಹಡಗು ಇದ್ದದ್ದು ಮರೀನಾ ಬೇಯಲ್ಲಿ. ಸಿಂಗಾಪುರದಲ್ಲಿ ಕ್ರೂಸ್ ಹಡಗು ನಿಲ್ಲುವ ಜಾಗ ಎರಡಿವೆ. ನಮ್ಮಲ್ಲಿ ಮೈಸೂರು ಬಸ್ಸಿಗೆ ಸ್ಯಾಟಲೈಟ್‌ಗೆ ಹೋಗಬೇಕಾದವರು ಮೆಜೆಸ್ಟಿಕ್‌ಗೆ ಬಂದು ನಿಲ್ಲುತ್ತಾರಲ್ಲ, ಹಾಗೇ ಆಯಿತು. ಅಷ್ಟು ವರ್ಷ ಅಂಥವರಿಗೆ ದಾರಿ ತೋರಿಸಿದ ನನಗೆ ಅಲ್ಲಿ ನಿಂತಾಗ ಗಂಟಲು ಒಣಗಿತು. ಆರು ಜನಕ್ಕೂ ಲಗೇಜಿಗೂ ಸಾಕಾಗುವ ಇನ್ನೊಂದು ದೊಡ್ಡ ಟ್ಯಾಕ್ಸಿ ಸಿಗಲು ಮುಕ್ಕಾಲು ಗಂಟೆ. ಮರೀನಾ ಬೇ ತಲುಪಿದಾಗ 2.05. ಕೌಂಟರ್ 2.30ಕ್ಕೆ ಮುಚ್ಚುವುದಿತ್ತು.

ಅಳಿಯ ಆರು ಜನಕ್ಕೂ ಪ್ರಯಾರಿಟಿ ತೆಗೆದುಕೊಂಡಿದ್ದ. ನಮಗೆ ಆರಾಮ ಆಗಲಿ ಎಂಬ ಪ್ರೀತಿಯಿಂದ. ಆದರೆ ನಾವು ಹೋದಾಗ ಪ್ರಯಾರಿಟಿ ಸಾಲೂ ಖಾಲಿ, ಮಾಮೂಲಿ ಸಾಲೂ ಖಾಲಿ. ಎಲ್ಲರೂ ಆಗಲೇ ಒಳಗಿದ್ದರು. ಕೊಟ್ಟ ದುಡ್ಡಿಗೆ ಸಿಕ್ಕಿದ್ದು ಒಂದು ಬಣ್ಣದ ಪಟ್ಟಿ ಮಾತ್ರ.

ಇದಕ್ಕಿಂತ ದೊಡ್ಡ ತಪ್ಪು ಆಮೇಲೆ ಗೊತ್ತಾಯಿತು. ಆ ಅವಸರದಲ್ಲಿ ಎಲ್ಲ ಪೆಟ್ಟಿಗೆಗಳನ್ನೂ ಪೋರ್ಟರ್ ಕೈಗೆ ಕೊಟ್ಟುಬಿಟ್ಟೆವು. ಅತ್ತೆಯವರ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ ಎರಡೂ ಕಂದು ಪೆಟ್ಟಿಗೆಯಲ್ಲಿ. ಪೆಟ್ಟಿಗೆ ರೂಮಿಗೆ ಬಂದಿದ್ದು ರಾತ್ರಿ 8.30ಕ್ಕೆ. ಅಷ್ಟು ಹೊತ್ತು ನನ್ನ ಹೆಂಡತಿ ತಾಯಿಯ ಕೈ ಹಿಡಿದುಕೊಂಡು ಕೂತೇ ಇದ್ದಳು. ಬಾಗಿಲ ಹತ್ತಿರ ಯಾರ ಹೆಜ್ಜೆ ಸದ್ದಾದರೂ ಎದ್ದು ನೋಡುವುದು. ಅತ್ತೆಯವರು "ಅಳಿಯಂದ್ರೇ, ನಂಗೇನೂ ಆಗಿಲ್ಲ, ನೀವು ಊಟ ಮಾಡಿ ಬನ್ನಿ" ಅನ್ನುತ್ತಲೇ ಇದ್ದರು. ನಮಗೆ ಅನ್ನ ಇಳಿಯಲಿಲ್ಲ.

ಹಿಂದಿನ ದಿನವೇ ಹೋಗಿ

ಇದರಲ್ಲಿ ನನಗೆ ಎರಡನೇ ಮಾತೇ ಇಲ್ಲ. ಪ್ರಯಾರಿಟಿಗೆ ಕೊಡುವ ದುಡ್ಡನ್ನು ಒಂದು ರಾತ್ರಿಯ ಹೋಟೆಲ್‌ಗೆ ಕೊಡಿ. ಹೆಬ್ಬಾಳದ ಟ್ರಾಫಿಕ್, ವಿಮಾನದ ತಡ, ಇಮಿಗ್ರೇಷನ್ ಸಾಲು ಯಾವುದೂ ಆಮೇಲೆ ನಿಮ್ಮನ್ನು ಹೆದರಿಸುವುದಿಲ್ಲ. ಟ್ಯಾಕ್ಸಿಯವರಿಗೆ ಹೇಳುವಾಗ "ಮರೀನಾ ಬೇ ಕ್ರೂಸ್ ಸೆಂಟರ್" ಅಥವಾ "ಹಾರ್ಬರ್‌ಫ್ರಂಟ್" ಅಂತ ಪೂರ್ತಿ ಹೆಸರು ಹೇಳಿ, ಟಿಕೆಟ್ ತೋರಿಸಿ. ಲಗೇಜ್ ಕಡಿಮೆ ಇದ್ದರೆ ಮರೀನಾ ಸೌತ್ ಪಿಯರ್ ಎಂಬ ಮೆಟ್ರೊ ಸ್ಟೇಷನ್ ಮರೀನಾ ಬೇ ಟರ್ಮಿನಲ್‌ಗೆ ಹತ್ತಿರ.

ಸಿಂಗಾಪುರದ ವೀಸಾ ಮಾಡಿಸುವಾಗ ಒಂದಕ್ಕಿಂತ ಜಾಸ್ತಿ ಸಲ ಒಳಗೆ ಬರಲು ಅವಕಾಶ ಇರುವ ವೀಸಾ ಬೇಕು. ಯಾಕೆಂದರೆ ಹಡಗು ಮಲೇಷ್ಯಾಕ್ಕೋ ಥಾಯ್ಲೆಂಡಿಗೋ ಹೋಗಿ ವಾಪಸ್ ಬಂದಾಗ ಅದು ಹೊಸ ಪ್ರವೇಶ. ಚೆಕ್-ಇನ್ ಕೌಂಟರಿನಲ್ಲೇ ಇದನ್ನು ನೋಡುತ್ತಾರೆ. ಸಿಂಗಾಪುರ ತಲುಪುವ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಅದಕ್ಕೆ ಶುಲ್ಕ ಇಲ್ಲ. ದುಡ್ಡು ಕೇಳಿದರೆ ಅದು ಸರ್ಕಾರದ ಜಾಗ ಅಲ್ಲ ಅಂತ ತಿಳಿದುಕೊಂಡು ಹೊರಗೆ ಬನ್ನಿ.

ನಮ್ಮ ಕಡೆಯ ಹಿರಿಯರಿಗೆ ಒಂದು ಮಾತು. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರೆ ಅದನ್ನು ಬೆಂಗಳೂರಲ್ಲೇ ಬಿಟ್ಟು ಹೋಗಬೇಕು. ಸಿಂಗಾಪುರದಲ್ಲಿ ಹೊಗೆಸೊಪ್ಪು, ಗುಟ್ಕಾ ನಿಷೇಧ. ಕೆಲವು ನಿದ್ರೆ ಮಾತ್ರೆ, ಕೆಲವು ಕೆಮ್ಮಿನ ಔಷಧಿಗೂ ಮೊದಲೇ ಅನುಮತಿ ಬೇಕು. ಡಾಕ್ಟರ ಚೀಟಿ ಜೊತೆಗಿರಲಿ.

ಆನ್‌ಲೈನ್ ಚೆಕ್-ಇನ್: ಪ್ರಯಾರಿಟಿ ಪುಕ್ಕಟೆ ಸಿಗುವ ಜಾಗ

ಬಹಳ ಜನಕ್ಕೆ ಇದು ಗೊತ್ತಿಲ್ಲ. ಬೇಗ ಹತ್ತುವ ಅವಕಾಶ ದುಡ್ಡು ಕೊಟ್ಟವರಿಗೆ ಮಾತ್ರ ಅಲ್ಲ. ಆನ್‌ಲೈನ್ ಚೆಕ್-ಇನ್ ತೆರೆದ ದಿನವೇ ಕೂತು ಮುಗಿಸಿದವರಿಗೂ ಇದೆ. ಯಾಕೆಂದರೆ ಟರ್ಮಿನಲ್‌ಗೆ ಬರುವ ಸ್ಲಾಟ್ ಆರಿಸಿಕೊಳ್ಳುವುದು ಅಲ್ಲೇ. ಮೊದಲು ಬಂದವರಿಗೆ ಮೊದಲು.

ರಾಯಲ್ ಕೆರಿಬಿಯನ್‌ನಲ್ಲಿ ಇದು ಪ್ರಯಾಣಕ್ಕೆ 45 ದಿನ ಮೊದಲು ತೆರೆಯುತ್ತದೆ. ನಾರ್ವೀಜಿಯನ್ ಎಂಬ ಕಂಪನಿಯಲ್ಲಿ 21 ದಿನ ಮೊದಲು. ಡಿಸ್ನಿ ಹಡಗುಗಳಲ್ಲಿ ಮೊದಲ ಸಲ ಹೋಗುವವರಿಗೆ 30 ದಿನ ಮೊದಲು, ಹಳೆಯ ಗಿರಾಕಿಗಳಿಗೆ ಅವರ ದರ್ಜೆಯ ಪ್ರಕಾರ ಇನ್ನೂ ಕೆಲವು ದಿನ ಮುಂಚೆ. ನಿಮ್ಮ ಕಂಪನಿಯದು ಎಷ್ಟು ಅಂತ ಬುಕ್ ಮಾಡಿದ ದಿನವೇ ಕೇಳಿ, ಆ ತಾರೀಖನ್ನು ಫೋನಿನಲ್ಲಿ ಹಾಕಿಡಿ. ಏಜೆಂಟ್ ಮೂಲಕ ಬುಕ್ ಮಾಡಿದ್ದರೆ ಜಾಸ್ತಿ ಎಚ್ಚರ ಬೇಕು. "ನಾವೇ ಮಾಡಿಕೊಡ್ತೀವಿ" ಅನ್ನುತ್ತಾರೆ, ನಾಲ್ಕು ದಿನ ಬಿಟ್ಟು ಮಾಡುತ್ತಾರೆ, ಅಷ್ಟರಲ್ಲಿ ಒಳ್ಳೆಯ ಸ್ಲಾಟ್ ಹೋಗಿರುತ್ತದೆ. ಬುಕಿಂಗ್ ನಂಬರ್ ಇಸಿದುಕೊಂಡು ನೀವೇ ಮಾಡಿ.

ಕೂರುವ ಮೊದಲು ಎಲ್ಲ ಜೋಡಿಸಿಟ್ಟುಕೊಳ್ಳಿ. ಎಲ್ಲರ ಪಾಸ್‌ಪೋರ್ಟ್, ಬಿಳಿ ಗೋಡೆಯ ಮುಂದೆ ತೆಗೆದ ಒಬ್ಬೊಬ್ಬರ ಫೋಟೊ, ತುರ್ತಿಗೆ ಊರಲ್ಲಿರುವ ಒಬ್ಬರ ಫೋನ್ ನಂಬರ್, ಹಡಗಿನ ಖರ್ಚಿಗೆ ಒಂದು ಕ್ರೆಡಿಟ್ ಕಾರ್ಡ್. ಆ ಕಾರ್ಡಿನಲ್ಲಿ ವಿದೇಶದ ಬಳಕೆ ಚಾಲೂ ಇದೆಯಾ ನೋಡಿ. ನಮ್ಮ ಬ್ಯಾಂಕುಗಳ ಹೊಸ ಕಾರ್ಡುಗಳಲ್ಲಿ ಅದು ಮೊದಲಿಗೆ ಬಂದ್ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಚಾಲೂ ಮಾಡಬೇಕು. ಎರಡು ಮೂರು ರೂಮು ಬುಕ್ ಮಾಡಿದ್ದರೆ ಒಂದೊಂದಕ್ಕೂ ಬೇರೆ ಬೇರೆ ಚೆಕ್-ಇನ್ ಮಾಡಬೇಕಾಗಬಹುದು. ಎಲ್ಲದಕ್ಕೂ ಒಂದೇ ಸ್ಲಾಟ್ ಹಾಕಿ. ಅಜ್ಜಿಗೆ 11 ಗಂಟೆ, ಮೊಮ್ಮಗನಿಗೆ 2 ಗಂಟೆ ಆದರೆ ಯಾರು ಯಾರಿಗೆ ಕಾಯುವುದು?

ಯಾವ ಸ್ಲಾಟ್ ಒಳ್ಳೆಯದು

ಎಲ್ಲರೂ ಮೊದಲ ಸ್ಲಾಟ್‌ಗೆ ಕೈ ಹಾಕುತ್ತಾರೆ. ವಯಸ್ಸಾದವರು ಜೊತೆಗಿದ್ದರೆ ಹಾಗೆ ಮಾಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಕಾರಣ ಇದು. ಸಿಂಗಾಪುರದಿಂದ ಹೊರಡುವ ದೊಡ್ಡ ಹಡಗುಗಳಲ್ಲಿ 4000ಕ್ಕೂ ಹೆಚ್ಚು ಜನ ಇರುತ್ತಾರೆ. ನನ್ನ ಲೆಕ್ಕದಲ್ಲಿ ಹೇಳಬೇಕೆಂದರೆ 80 ಬಸ್ಸಿನ ಜನ. ಅಷ್ಟೇ ಜನ ಅದೇ ದಿನ ಬೆಳಿಗ್ಗೆ ಇಳಿದು ಹೋಗಿರುತ್ತಾರೆ. ರಾತ್ರಿ ಓಡಿ ಬಂದ ಬಸ್ಸನ್ನು ಡಿಪೋದಲ್ಲಿ ತೊಳೆದೇ ಮತ್ತೆ ರೂಟಿಗೆ ಬಿಡುವುದು. ಹಡಗಿನಲ್ಲೂ ಹಾಗೇ. ಸಾವಿರಾರು ರೂಮುಗಳ ಹಾಸಿಗೆ ಬದಲಾಗಬೇಕು, ಬಚ್ಚಲು ತೊಳೆಯಬೇಕು. ಅದಕ್ಕೇ 11 ಗಂಟೆಗೆ ಹತ್ತಿದರೂ ರೂಮು ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ 1 ಗಂಟೆಯ ಮೇಲೆ. ಅಲ್ಲಿಯ ತನಕ ಬಫೆ ಹಾಲಿನಲ್ಲೋ ಡೆಕ್ಕಿನ ಮೇಲೋ ಕೂತಿರಬೇಕು. ಬಫೆ ಹಾಲಿನಲ್ಲಿ ಆ ಹೊತ್ತಿಗೆ ಕುರ್ಚಿ ಸಿಗುವುದೇ ಕಷ್ಟ. ಮಂಡಿ ನೋವಿನ ಹೆಂಗಸು ಎರಡು ಗಂಟೆ ಅಲ್ಲಿ ಏನು ಮಾಡಬೇಕು? ಬೇಗ ಹತ್ತಿದ್ದು ನಿಜ, ಕಾಲು ಚಾಚಲು ಜಾಗ ಇಲ್ಲ.

ಹಾಗಾಗಿ ಹಿರಿಯರು ಇದ್ದರೆ 12.30ರಿಂದ 1.30ರ ನಡುವಿನ ಸ್ಲಾಟ್ ಆರಿಸಿ. ಹೋಟೆಲ್ ರೂಮು ಖಾಲಿ ಮಾಡುವ ಹೊತ್ತಿಗೂ ಇದು ಹೊಂದುತ್ತದೆ. ಹತ್ತಿ, ಮಸ್ಟರ್ ಮುಗಿಸಿ, ನೇರ ರೂಮಿಗೆ ಹೋಗಿ ಅವರನ್ನು ಮಲಗಿಸಬಹುದು. ಕೊನೆಯ ಸ್ಲಾಟ್ ಮಾತ್ರ ಯಾರಿಗೂ ಬೇಡ. ಅದರಲ್ಲಿ ತಪ್ಪು ತಿದ್ದಿಕೊಳ್ಳಲು ಸಮಯ ಉಳಿಯುವುದಿಲ್ಲ.

ಈಜುಕೊಳಕ್ಕೆ ಹಾರಲು ಕಾಯುತ್ತಿರುವ ಮಕ್ಕಳು, ಗಟ್ಟಿ ಇರುವ ಅಪ್ಪ ಅಮ್ಮ ಇದ್ದರೆ ಮೊದಲ ಸ್ಲಾಟ್ ಒಳ್ಳೆಯದು. ಮೊದಲ ಎರಡು ಗಂಟೆ ಈಜುಕೊಳ ಖಾಲಿ ಇರುತ್ತದೆ. ಈಜುಡುಪನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಪೆಟ್ಟಿಗೆ ಬರುವುದು ಸಂಜೆಯೇ.

ಸ್ಲಾಟ್‌ಗಿಂತ ತುಂಬಾ ಮೊದಲು ಹೋಗಿ ಬಾಗಿಲಲ್ಲಿ ನಿಲ್ಲಬೇಡಿ. ಒಳಗೆ ಬಿಡುವುದಿಲ್ಲ. ಸ್ವಲ್ಪ ತಡವಾದರೆ ಗಾಬರಿ ಬೇಡ, ಕೌಂಟರ್ ಮುಚ್ಚುವ ಮೊದಲು ಹೋದರೆ ಸೇರಿಸಿಕೊಳ್ಳುತ್ತಾರೆ.

ಹಾಗಾದರೆ ಪ್ರಯಾರಿಟಿ ಯಾರಿಗೆ?

ಪ್ರಯಾರಿಟಿ ಮೂರು ದಾರಿಯಿಂದ ಬರುತ್ತದೆ. ಸ್ವೀಟ್ ಎಂಬ ದೊಡ್ಡ, ದುಬಾರಿ ರೂಮು ತಗೊಂಡವರಿಗೆ ಅದರ ಜೊತೆಗೇ ಬರುತ್ತದೆ. ಅದೇ ಕಂಪನಿಯ ಹಡಗಿನಲ್ಲಿ ಹಲವು ಸಲ ಹೋಗಿ ಮೇಲಿನ ದರ್ಜೆಗೆ ಏರಿದವರಿಗೆ ಬರುತ್ತದೆ. ಉಳಿದವರು ದುಡ್ಡು ಕೊಟ್ಟು ತಗೊಳ್ಳಬೇಕು. ಸ್ವೀಟ್ ತಗೊಂಡವರು ಮತ್ತೆ ಪ್ರಯಾರಿಟಿಗೆ ದುಡ್ಡು ಕೊಟ್ಟಿದ್ದನ್ನು ನಾನು ನೋಡಿದ್ದೇನೆ. ಮೊದಲು ನಿಮ್ಮ ಟಿಕೆಟ್‌ನಲ್ಲಿ ಏನು ಸೇರಿದೆ ಅಂತ ನೋಡಿ.

ರಾಯಲ್ ಕೆರಿಬಿಯನ್‌ನವರು ಇದನ್ನು 'ದ ಕೀ' ಎಂಬ ಹೆಸರಿನಲ್ಲಿ ಮಾರುತ್ತಾರೆ. ಒಬ್ಬರಿಗೆ ಒಂದು ದಿನಕ್ಕೆ ಇಷ್ಟು ಅಂತ ಲೆಕ್ಕ. ಒಂದೇ ರೂಮಿನಲ್ಲಿ 6 ವರ್ಷ ಮತ್ತು ಮೇಲ್ಪಟ್ಟವರೆಲ್ಲ ತಗೊಳ್ಳಲೇಬೇಕು, ಒಬ್ಬರಿಗೆ ಮಾತ್ರ ಕೊಡುವುದಿಲ್ಲ. ಅದರಲ್ಲಿ ಬೇಗ ಹತ್ತುವುದರ ಜೊತೆ ಇಂಟರ್ನೆಟ್, ಮೊದಲ ದಿನ ಬೇರೆ ಹಾಲಿನಲ್ಲಿ ಊಟ, ಕೈಚೀಲವನ್ನು ರೂಮಿಗೆ ತಲುಪಿಸುವುದು, ನಾಟಕ ಪ್ರದರ್ಶನಗಳಿಗೆ ಕಾದಿರಿಸಿದ ಸೀಟು ಎಲ್ಲ ಸೇರಿವೆ. ನೀವು ಹೇಗಿದ್ದರೂ ಇಂಟರ್ನೆಟ್ ಕೊಳ್ಳುವವರಾದರೆ ಎರಡರ ಬೆಲೆ ಪಕ್ಕ ಪಕ್ಕ ಬರೆದು ಕಳೆದು ನೋಡಿ. ವ್ಯತ್ಯಾಸ ಕಡಿಮೆ ಇದ್ದರೆ ತಗೊಳ್ಳಿ. ಬರೀ ಸಾಲು ತಪ್ಪಿಸಲು ಅಂತಾದರೆ ನಾನು ಬೇಡ ಅನ್ನುತ್ತೇನೆ. ಕಾರ್ನಿವಲ್‌ನವರದು 'ಫಾಸ್ಟರ್ ಟು ದ ಫನ್' ಅಂತ. ಅದರಲ್ಲಿ ಹತ್ತಿದ ಕೂಡಲೇ ರೂಮಿಗೂ ಹೋಗಬಹುದು. ಹಿರಿಯರು ಇರುವವರಿಗೆ ಅದು ನಿಜವಾಗಿ ಉಪಯೋಗ.

ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ: "ರೂಮೂ ಬೇಗ ಸಿಗುತ್ತಾ, ಇಲ್ಲ ಹಡಗು ಮಾತ್ರ ಬೇಗ ಹತ್ತೋದಾ?"

ಪ್ರಯಾರಿಟಿ ಕೆಲಸ ಮಾಡುವುದು ಕಂಪನಿಯ ಕೌಂಟರಿನಲ್ಲಿ. ಇಮಿಗ್ರೇಷನ್, ಭದ್ರತಾ ತಪಾಸಣೆ ಸರ್ಕಾರದ್ದು, ಬಂದರಿನದು. ಅಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಒಂದೇ ಸಾಲು. ಜಾಸ್ತಿ ಹೊತ್ತು ಹಿಡಿಯುವುದೂ ಅಲ್ಲೇ. ಆಮೇಲೆ, ಪ್ರಯಾರಿಟಿ ಆ ರೂಮಿನವರಿಗೆ ಮಾತ್ರ. ಮಗಳ ರೂಮಿಗೆ ಇದ್ದು, ನಿಮ್ಮ ರೂಮಿಗೆ ಇಲ್ಲದಿದ್ದರೆ ನೀವು ಮಾಮೂಲಿ ಸಾಲಿನಲ್ಲೇ.

ದಡಕ್ಕೆ ಹಡಗು ತಾಗದ ಊರುಗಳಲ್ಲಿ ಪ್ರಯಾರಿಟಿಗೆ ಬೆಲೆ ಬರುತ್ತದೆ. ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕುತ್ತವೆ. ಅಲ್ಲಿಂದ ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗಬೇಕು. ಇದಕ್ಕೆ ಟೆಂಡರ್ ಅನ್ನುತ್ತಾರೆ. ಆ ದೋಣಿಯ ಸಾಲು ಉದ್ದ ಇರುತ್ತದೆ, ಪ್ರಯಾರಿಟಿ ಇದ್ದವರು ಮೊದಲು ಇಳಿಯುತ್ತಾರೆ. ಇಂಥ ಊರು ಇದ್ದರೆ ಯೋಚನೆ ಮಾಡಬಹುದು. ಹಾಗೇ ಫುಕೆಟ್‌ನ ಗಡಿಯಾರ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ವಾಪಸ್ ಬರುವ ಸಮಯವನ್ನು ಹಡಗಿನ ಗಡಿಯಾರ ನೋಡಿಯೇ ಲೆಕ್ಕ ಹಾಕಿ. ಫೋನು ತಾನಾಗಿ ಊರಿನ ಸಮಯಕ್ಕೆ ತಿರುಗಿಬಿಡುತ್ತದೆ. ನಾನು ಅದಕ್ಕೇ ಹಳೆಯ ಎಚ್‌ಎಂಟಿ ವಾಚ್ ಕಟ್ಟಿಕೊಂಡು ಹೋಗಿದ್ದೆ. ಅದು ಯಾರ ಮಾತೂ ಕೇಳದೆ ಹಡಗಿನ ಸಮಯವನ್ನೇ ತೋರಿಸುತ್ತಿತ್ತು.

ವೀಲ್‌ಚೇರ್ ಬೇಕಾದವರು ಪ್ರಯಾರಿಟಿ ಕೊಳ್ಳಬೇಕಾಗಿಲ್ಲ. ಬುಕ್ ಮಾಡುವಾಗಲೇ ತಿಳಿಸಿ, ಕೆಲವು ವಾರ ಮೊದಲು ಮತ್ತೆ ನೆನಪಿಸಿ. ಬಾಗಿಲಲ್ಲೇ ಕರೆದುಕೊಂಡು ಹೋಗುವ ಜನ ಇರುತ್ತಾರೆ. ಇದು ಹತ್ತಲು ಮತ್ತು ಇಳಿಯಲು ಮಾತ್ರ. ನಡುವಿನ ದಿನಗಳಿಗೆ ನಿಮ್ಮದೇ ಕುರ್ಚಿ ಬೇಕು. ಎರಡನೇ ಸಲ ನಾವು ಮಡಚುವ ಕುರ್ಚಿಯೊಂದನ್ನು ಬಾಡಿಗೆಗೆ ತಗೊಂಡು ಹೋದೆವು. ಅತ್ತೆಯವರು ಡೆಕ್ಕಿನ ತುದಿಯ ತನಕ ಹೋಗಿ ಸಮುದ್ರ ನೋಡಿದ್ದು ಆ ಕುರ್ಚಿಯಿಂದ.

ಪೆಟ್ಟಿಗೆ ಮತ್ತು ಕೈಚೀಲ

ಚೆಕ್-ಇನ್ ಮುಗಿದ ಮೇಲೆ ಬೋರ್ಡಿಂಗ್ ಪಾಸ್, ಲಗೇಜ್ ಟ್ಯಾಗ್ ಬರುತ್ತವೆ. ಎರಡನ್ನೂ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ಟ್ಯಾಗನ್ನು ಮಡಚಿ, ಹಿಡಿಗೆ ಸುತ್ತಿ, ಸ್ಟೇಪಲ್ ಹೊಡೆದು ಮೇಲೆ ಟೇಪ್ ಹಾಕಿ. ವಿಮಾನಕ್ಕೆ ಹಾಕುವ ಮೊದಲೇ ಕಟ್ಟಿದರೆ ಹರಿದುಹೋಗುತ್ತದೆ. ಹೋಟೆಲಿನಲ್ಲಿ ಬೆಳಿಗ್ಗೆ ಕಟ್ಟಿ.

ಕೈಚೀಲದಲ್ಲಿ ಇರಬೇಕಾದ್ದು: ಎಲ್ಲರ ಪಾಸ್‌ಪೋರ್ಟ್, ವೀಸಾ, ಮೂರು ದಿನದ ಮಾತ್ರೆ, ಕನ್ನಡಕ, ಚಾರ್ಜರ್, ಒಂದು ಜೊತೆ ಬಟ್ಟೆ, ಮಗುವಿಗೆ ಬೇಕಾದ್ದು. ಮಾತ್ರೆಯ ವಿಷಯ ಮೇಲೆ ಹೇಳಿದ್ದೇನೆ. ದಯವಿಟ್ಟು ಅದನ್ನು ಹಗುರವಾಗಿ ತಗೊಳ್ಳಬೇಡಿ. ಪಾಸ್‌ಪೋರ್ಟಿನ ಜೆರಾಕ್ಸ್ ಒಂದು ಸೆಟ್ ಬೇರೆ ಇರಲಿ. ಕೆಲವು ಪ್ರಯಾಣಗಳಲ್ಲಿ ಪಾಸ್‌ಪೋರ್ಟನ್ನು ಹಡಗಿನವರೇ ಇಟ್ಟುಕೊಳ್ಳುತ್ತಾರೆ.

ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಅನ್ನ ಮಾಡುವ ಕುಕ್ಕರ್ ಬಿಡುವುದಿಲ್ಲ. ಬೆಂಕಿಗೆ ಹಡಗಿನವರು ಅಷ್ಟು ಹೆದರುತ್ತಾರೆ, ಹೆದರಬೇಕಾದ್ದೇ. ಊದಿನಕಡ್ಡಿ, ಮೇಣದ ಬತ್ತಿಯೂ ಇಲ್ಲ. ಅತ್ತೆಯವರು ದೇವರಿಗೆ ಹಚ್ಚಲು ಊದಿನಕಡ್ಡಿ ಇಟ್ಟುಕೊಂಡಿದ್ದರು. ಎರಡನೇ ಸಲ ಅದರ ಬದಲು ರಾಯರ ಸಣ್ಣ ಫೋಟೊ, ಒಂದು ತುಳಸಿ ಮಣಿಸರ ಸಾಕು ಅಂದರು. ಇಂಥ ಸಾಮಾನು ಸ್ಕ್ಯಾನಿನಲ್ಲಿ ಸಿಕ್ಕಿದರೆ ಇಡೀ ಪೆಟ್ಟಿಗೆಯನ್ನು ತಡೆದು ಇಟ್ಟುಕೊಳ್ಳುತ್ತಾರೆ. ಪೆಟ್ಟಿಗೆ ತಡವಾಗುವುದಕ್ಕೆ ಇದೂ ಒಂದು ಕಾರಣ. ಮನೆಯಲ್ಲಿ ಮಾಡಿದ ತಿಂಡಿಗಿಂತ ಅಂಗಡಿಯ ಸೀಲ್ ಒಡೆಯದ ಚಕ್ಕುಲಿ, ಕೋಡುಬಳೆ ಪೊಟ್ಟಣ ಸುರಕ್ಷಿತ.

ಬಸುರಿ ಹೆಂಗಸರು, ಹಸುಗೂಸುಗಳ ಬಗ್ಗೆಯೂ ನಿಯಮ ಇದೆ. ರಾಯಲ್ ಕೆರಿಬಿಯನ್‌ನಲ್ಲಿ ಪ್ರಯಾಣ ಮುಗಿಯುವ ಹೊತ್ತಿಗೆ 24ನೇ ವಾರಕ್ಕೆ ಕಾಲಿಡುವವರನ್ನು ಹತ್ತಿಸುವುದಿಲ್ಲ. ಮಗುವಿಗೆ ಕನಿಷ್ಠ 6 ತಿಂಗಳು ಆಗಿರಬೇಕು. ದೂರದ ಪ್ರಯಾಣಕ್ಕೆ 12 ತಿಂಗಳು. ಕೌಂಟರಿಗೆ ಹೋದ ಮೇಲೆ ಇದು ಗೊತ್ತಾದರೆ ಮನಸ್ಸು ಮುರಿಯುತ್ತದೆ. ಬುಕ್ ಮಾಡುವಾಗಲೇ ಕೇಳಿ.

ಚೆನ್ನೈನಿಂದ ಹೋಗುವವರಿಗೆ

ಎರಡನೇ ಸಲ ಚೆನ್ನೈನಿಂದ ಹೋದೆವು. ಹಿಂದಿನ ದಿನ ಸಂಜೆಯ ಶತಾಬ್ದಿ ಹಿಡಿದು, ರಾತ್ರಿ ಸೆಂಟ್ರಲ್ ಹತ್ತಿರವೇ ಉಳಿದೆವು. ಬೆಳಿಗ್ಗೆ ನಿಧಾನವಾಗಿ ಇಡ್ಲಿ ತಿಂದು, ಮಾತ್ರೆ ತಗೊಂಡು, 1 ಗಂಟೆಯ ಸ್ಲಾಟ್‌ಗೆ 12.45ಕ್ಕೆ ಬಂದರಿನ ಗೇಟಿನಲ್ಲಿದ್ದೆವು. ಪ್ರಯಾರಿಟಿ ತಗೊಂಡಿರಲಿಲ್ಲ. 2 ಗಂಟೆಗೆ ಅತ್ತೆಯವರು ರೂಮಿನಲ್ಲಿ ಮಲಗಿದ್ದರು.

ಅಲ್ಲಿ ಗಮನಿಸಬೇಕಾದ್ದು ಬಂದರಿನ ಗೇಟು. ಚೆನ್ನೈ ಬಂದರಿಗೆ ಹಲವು ಗೇಟುಗಳಿವೆ. ಲಾರಿಗಳು ಹೋಗುವ ಗೇಟಿಗೆ ಹೋದರೆ ಅಲ್ಲಿಂದ ವಾಪಸ್ ತಿರುಗಲು ಹೊತ್ತು ಹಿಡಿಯುತ್ತದೆ. ಟಿಕೆಟ್‌ನಲ್ಲಿ ಹೇಳಿದ ಗೇಟನ್ನೇ ಆಟೋದವರಿಗೆ ಹೇಳಿ. ಗೇಟಿನಲ್ಲಿ ಸಿಐಎಸ್ಎಫ್‌ನವರು ಗುರುತಿನ ಚೀಟಿ, ಬೋರ್ಡಿಂಗ್ ಪಾಸ್ ಎರಡನ್ನೂ ನೋಡುತ್ತಾರೆ. ಅವು ಪೆಟ್ಟಿಗೆಯ ತಳದಲ್ಲಿ ಇರಬಾರದು. ಶ್ರೀಲಂಕಾಕ್ಕೆ ಹೋಗುವ ಹಡಗಾದರೆ ಪಾಸ್‌ಪೋರ್ಟ್ ಬೇಕೇ ಬೇಕು, ಆಧಾರ್ ನಡೆಯುವುದಿಲ್ಲ. ಮುಂಬೈನಿಂದ ಹೋಗುವವರಿಗೆ ಜಾಗ ಬ್ಯಾಲಾರ್ಡ್ ಪಿಯರ್. ಅಲ್ಲಿಗೂ ಹಿಂದಿನ ದಿನವೇ ಹೋಗಿ.

ಇಳಿಯುವ ದಿನ

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ರೂಮಿನ ಹೊರಗೆ ಇಡಲು ಹೇಳುತ್ತಾರೆ, ಬಣ್ಣದ ಅಥವಾ ನಂಬರಿನ ಟ್ಯಾಗ್ ಕೊಡುತ್ತಾರೆ. ಆ ಟ್ಯಾಗಿನ ಕ್ರಮದಲ್ಲೇ ಇಳಿಸುವುದು. ಅವಸರ ಇದ್ದವರು ಮೊದಲ ನಂಬರನ್ನು ಕೌಂಟರಿನಲ್ಲಿ ಕೇಳಿ ತಗೊಳ್ಳಬಹುದು. ಪೆಟ್ಟಿಗೆಯನ್ನು ತಾವೇ ಎಳೆದುಕೊಂಡು ಹೋಗುವವರು ಎಲ್ಲರಿಗಿಂತ ಮೊದಲು ಇಳಿಯಬಹುದು. ವಾಪಸ್ ವಿಮಾನವನ್ನು ಮಧ್ಯಾಹ್ನ 1 ಗಂಟೆಗಿಂತ ಮೊದಲು ಹಾಕಬೇಡಿ. ಆ ರಾತ್ರಿ ಹಾಕಿಕೊಳ್ಳುವ ಬಟ್ಟೆ, ಬೆಳಿಗ್ಗೆಯ ಬಟ್ಟೆ, ಚಪ್ಪಲಿ ರೂಮಿನಲ್ಲೇ ಇವೆಯಾ ಅಂತ ನೋಡಿ ಪೆಟ್ಟಿಗೆ ಹೊರಗಿಡಿ. ಮಾತ್ರೆಯ ಡಬ್ಬಿ ಮತ್ತೆ ಕೈಚೀಲಕ್ಕೆ.